ಕೆಂಪಿನ ಮೇಲೆ ಹಳದಿ

ಡೆಲೋರಿಸ್ ದುರ್ಬೀನಿಗೆ ಕಣ್ಣಿಟ್ಟು, ಮರಕುಟಿಗಕ್ಕೆ ಗುರುತಿಗೆಂದು ತೊಡಿಸಿದ್ದ ಬಣ್ಣದ ಕಾಲುಬಳೆ ನೋಡಿ, ಹಕ್ಕಿಗಳ ದಾಖಲೆ ಪುಸ್ತಕದಲ್ಲಿ ಬರೆದಳು: ಕೆಂಪಿನ ಮೇಲೆ ಹಳದಿ, ಹಾಜರು. ಫೆಬ್ರವರಿಯಲ್ಲಿ ಗಂಡ ವಾರೆನ್ ತೀರಿಕೊಂಡ ಮೇಲೆ ಅವಳು ತಪ್ಪದೆ ಮಾಡಿದ ಕೆಲಸ ಇದೊಂದೇ. ಊಟದ ರುಚಿ ತಿಳಿಯುತ್ತಿರಲಿಲ್ಲ, ಅಳುವೂ ಬಂದಿರಲಿಲ್ಲ. ಆ ಹೆಣ್ಣುಹಕ್ಕಿಗೆ ಬಳೆ ತೊಡಿಸಿದವನು ವಾರೆನ್. ಅವನ ಕೈ ಮುಟ್ಟಿದ್ದರಲ್ಲಿ ಇನ್ನೂ ಉಸಿರಾಡುತ್ತಿರುವುದು ಅದೊಂದೇ ಎಂದು ಅವಳು ನಂಬಿಬಿಟ್ಟಿದ್ದಳು. ತನ್ನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದು ಬದುಕಿರಬೇಕು, ಅಷ್ಟೇ.

ಜುಲೈನಲ್ಲಿ, ಹಳ್ಳದ ಕಡೆಯ ಹಕ್ಕಿಗುಂಪುಗಳ ಲೆಕ್ಕ ಇಡುವ ಇಂಗ್ರಿಡ್ ಗುಡ್ಡ ಹತ್ತಿ ಬಂದಳು. ಓಕ್ ಮರದ ತೊಗಟೆಯ ತೂತುಗಳಿಗೆ ಹಕ್ಕಿಗಳು ಕಾಯಿ ತುರುಕುವುದನ್ನು ತುಸುಹೊತ್ತು ನೋಡಿದಳು.

“ಡೆಲೋರಿಸ್, ಆ ಮೇಲಿನ ಬಳೆ ಹಳದಿ ಅಲ್ಲ. ಕಿತ್ತಳೆ. ಬಿಸಿಲಿಗೆ ಬಣ್ಣ ಹೋಗಿದೆ.”

“ಹೋಗೇ! ಮೂವತ್ತು ವರ್ಷದಿಂದ ನೋಡ್ತಿದೀನಿ, ನಂಗೇ ಬಣ್ಣ ಕಲಿಸ್ತೀಯಾ?”

“ಕಾಲೆತ್ತಿದಾಗ ನೋಡಿ, ನೆರಳಲ್ಲಿರೋ ಮಗ್ಗುಲು.”

ಹಕ್ಕಿ ಕಾಲು ಬದಲಿಸಿತು. ಕಿತ್ತಳೆಯೇ. ಕ್ಯಾಲಿಫೋರ್ನಿಯಾದ ಬಿಸಿಲೇನು ಸಾಮಾನ್ಯವೇ! ಅದು ಹಳೇ ಬಳೆ ಹಾಕಿಕೊಂಡ ಬೇರೆ ಯಾವುದೋ ಹಕ್ಕಿ.

“ಇವಳು ನಮ್ಮ ಹಳ್ಳದವಳು,” ಎಂದಳು ಇಂಗ್ರಿಡ್. “ಚಳಿಗಾಲದಿಂದ ಹುಡುಕ್ತಾನೇ ಇದ್ದೆ.”

“ಹಾಗಾದ್ರೆ ವಾರೆನ್ನನ ಹಕ್ಕಿ?”

ಇಂಗ್ರಿಡ್ ಪುಸ್ತಕದತ್ತ ನೋಡಿದಳು. ಈ ಮರದ ಒಡತಿಯಾಗಿದ್ದ ಆ ಹಕ್ಕಿ ಬದುಕಿದ್ದರೆ ಹೊರಗಿನ ಹೆಣ್ಣನ್ನು ಇಲ್ಲಿಗೆ ಸೇರಿಸುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಪುಸ್ತಕದಲ್ಲಿ ತಪ್ಪು ಸಾಲನ್ನು ಅಳಿಸುವಂತಿಲ್ಲ, ಅದರ ಮೇಲೆ ಗೆರೆ ಎಳೆಯಬೇಕು. ಡೆಲೋರಿಸ್ ಎಳೆಯುತ್ತ ಹಿಂದಕ್ಕೆ ಹೋದಳು. ಜುಲೈ, ಜೂನ್, ಮೇ. ಗೆರೆಗಳು ನೆಟ್ಟಗೇ ಬಂದವು. ಅದೇ ಅವಳಿಗೆ ಅಸಹ್ಯವಾಯಿತು.

“ಎಲ್ಲಿಗೆ ನಿಲ್ಲಿಸ್ಲಿ?”

“ಒಡತಿ ಸತ್ತು ಖಾಲಿಯಾದ ಜಾಗಕ್ಕೆ ಸುತ್ತಲಿನ ಹೆಣ್ಣುಹಕ್ಕಿಗಳೆಲ್ಲ ಮುತ್ತಿ ಕಿತ್ತಾಡಿರ್ತಾವಲ್ಲ, ಆ ದಿನ ಯಾವ್ದು? ನಿಮ್ಮನೆ ಇಲ್ಲೇ ಇದೆ. ಕೇಳಿಸ್ದೆ ಇರತ್ತಾ?”

ಡೆಲೋರಿಸ್‌ಗೆ ನೆನಪಾಯಿತು. ವಾರೆನ್ನನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಮನೆ ತುಂಬ ಜನ, ಮೇಜಿನ ಮೇಲೆ ನೆರೆಯವರು ತಂದ ಆಲೂಗಡ್ಡೆ, ಹಂದಿಮಾಂಸ. ಈ ಮರದಲ್ಲಿ ನಲವತ್ತು ಹಕ್ಕಿಗಳ ರಂಪಾಟ. ಪಾದ್ರಿ ಗಂಟಲು ಏರಿಸಿ ಪ್ರಾರ್ಥಿಸಬೇಕಾಯಿತು. “ಪಾಪ, ಹಕ್ಕಿಗಳೂ ಅಳ್ತಿವೆ,” ಎಂದರು ಯಾರೋ. ಆ ಸದ್ದಿನ ಅರ್ಥ ನಿದ್ದೆಗಣ್ಣಲ್ಲೂ ಹೇಳಬಲ್ಲ ಡೆಲೋರಿಸ್ ಅಂದು ಹೂಂಗುಟ್ಟಿದ್ದಳು.

“ಫೆಬ್ರವರಿ ಹತ್ತೊಂಬತ್ತು. ನಿನ್ನ ಪುಸ್ತಕದಲ್ಲೂ ಬರ್ಕೋ,” ಎಂದಳು. “ಕೇಳಿಸ್ತು ಕಣೇ. ತಲೆನೋವು ಅಂತ ಕಿಟಕಿ ಹಾಕ್ಬಿಟ್ಟೆ.”