ಓಟಕ್ಕೆ ಬೆನ್ನು ಮಾಡಿ ಕೂತ ಮಾವ

ನನ್ನ ಮಾವ ಕಾಡಪ್ಪನವರದು ಪಿಂಪ್ರಿ ಮಾರ್ಕೆಟ್ಟಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ವ್ಯಾಪಾರದಲ್ಲಿ ಯಾರ ಮಾತನ್ನೂ ಸುಲಭಕ್ಕೆ ನಂಬುವವರಲ್ಲ. ಆದರೆ ತಮ್ಮ ಕಣ್ಣು ಕೆಟ್ಟದ್ದು ಎಂಬುದನ್ನು ಮಾತ್ರ ಗಟ್ಟಿಯಾಗಿ ನಂಬಿದ್ದರು. ಅವರ ಮಗ ಬಸವಲಿಂಗ, ಅಂದರೆ ನನ್ನ ಗಂಡ, ಶಾಲೆಯ ಓಟವೊಂದರಲ್ಲಿ ಎಲ್ಲರಿಗಿಂತ ಮುಂದಿದ್ದಾಗ ಇವರು ಕಣ್ತುಂಬ ನೋಡಿದರಂತೆ; ಹುಡುಗ ಮುಗ್ಗರಿಸಿ ಬಿದ್ದು ಕೈ ಮುರಿದುಕೊಂಡ. ಇನ್ನೊಮ್ಮೆ ನೋಡಿದಾಗ ಬೂಟು ಕಳಚಿತು. ಹೊರಗಿನವರ ದೃಷ್ಟಿಯನ್ನು ಮೆಣಸಿನಕಾಯಿ ನಿವಾಳಿಸಿ ತೆಗೆಯಬಹುದು, ಹೆತ್ತವರ ದೃಷ್ಟಿಗೆ ಮದ್ದಿಲ್ಲ ಎಂದು ತೀರ್ಮಾನಿಸಿ ಅಂದಿನಿಂದ ಮಗನ ಓಟ ನೋಡುವುದನ್ನೇ ಬಿಟ್ಟರು. ಟಿವಿಯಲ್ಲಿ ಬಂದರೂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಪಕ್ಕದಲ್ಲಿ ಕೂತ ನನ್ನ ಅತ್ತೆ ಸಾವಂತ್ರವ್ವ, ಈಗ ಮೂರನೆಯವ, ಈಗ ಎರಡನೆಯವ ಎಂದು ವರದಿ ಒಪ್ಪಿಸಬೇಕು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದೆಲ್ಲ ತಮಾಷೆ. ಬರಬರುತ್ತ ಸಿಟ್ಟು ಬರತೊಡಗಿತು. ಗೆದ್ದು ಬಂದ ದಿನವೂ ಬಸವಲಿಂಗ ಬಾಗಿಲಲ್ಲೇ ಕೇಳುತ್ತಿದ್ದುದು ಒಂದೇ ಮಾತು: "ಸ್ನೇಹಲ್, ಅಪ್ಪ ನೋಡಿದ್ರೇನು?"

ಈ ಸಲ ಏಷ್ಯಾದ ಒಳಾಂಗಣ ಅಥ್ಲೆಟಿಕ್ಸ್ ಕೂಟ ಪುಣೆಯಲ್ಲೇ ನಡೆಯಿತು. ಸಾವಿರದ ಐನೂರು ಮೀಟರ್ ಓಟದ ಫೈನಲ್ಲಿಗೆ ಬಸವಲಿಂಗ ಬಂದಿದ್ದ. ಮೊಣಕಾಲು ಸವೆದಿತ್ತು, ಡಾಕ್ಟರು ಸಾಕು ಎಂದಿದ್ದರು. ಹಿಂದಿನ ದಿನ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ.

"ಅಪ್ಪಾ, ಇದು ನನ್ನ ಕಡೇ ಓಟ. ಪದಕ ಬರಲಿ ಬಿಡಲಿ, ನಾ ಓಡೂದನ್ನ ನೀವು ಒಮ್ಮೆ ನೋಡಬೇಕ್ರಿ."

"ಬರ್ತೀನಿ" ಎಂದರು ಮಾವ.

"ಬರ್ತೀನಿ ಅಲ್ರಿ ಮಾಮಾ, ನೋಡ್ತೀನಿ ಅನ್ರಿ" ಎಂದೆ ನಾನು.

ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ, "ನೋಡ್ತೀನಿ" ಎಂದರು.

ಒಳಾಂಗಣದ ಟ್ರ್ಯಾಕು ಬಯಲಿನದರ ಅರ್ಧದಷ್ಟೇ ಇರುತ್ತದೆ. ಕೆಳಗೆ ಹಲಗೆ. ತಿರುವುಗಳಲ್ಲಿ ನೆಲ ಹಿಟ್ಟು ನಾದುವ ಪರಾತದ ಅಂಚಿನಂತೆ ಮೇಲೆದ್ದಿರುತ್ತದೆ. ಓಡುವವರು ಏಳೂವರೆ ಸುತ್ತು ಹಾಕಬೇಕು, ಹಾಗಾಗಿ ಮತ್ತೆ ಮತ್ತೆ ಕಣ್ಣೆದುರಿಗೇ ಬರುತ್ತಾರೆ. ನಮಗೆ ಸಿಕ್ಕಿದ್ದು ಕೊನೆಯ ತಿರುವು ಮುಗಿಯುವಲ್ಲಿನ ಮೊದಲ ಸಾಲು. ಮಾವ ಹೊಸದಾಗಿ ಇಸ್ತ್ರಿ ಮಾಡಿದ ಬಿಳಿ ಟೋಪಿ ಹಾಕಿಕೊಂಡು ಬಂದಿದ್ದರು. ನನಗೆ ಸಮಾಧಾನವಾಗಿತ್ತು.

ಪಿಸ್ತೂಲಿನ ಸದ್ದಾಯಿತು. ಮಾವ ಎದ್ದು, ಕುರ್ಚಿಯ ಮೇಲೆ ಹಿಂದುಮುಂದಾಗಿ ತಿರುಗಿ, ಓಟಕ್ಕೆ ಬೆನ್ನು ಮಾಡಿ ಕೂತರು.

ಹಿಂದಿನ ಸಾಲಿನವನು ಪಾಪ, "ಕಾಕಾ, ಶರ್ಯತ್ ತಿಕಡೆ ಆಹೆ" ಎಂದು ಮರಾಠಿಯಲ್ಲಿ ಹೇಳಿ, ಓಟ ಆ ಕಡೆ ಎಂಬಂತೆ ಟ್ರ್ಯಾಕಿನತ್ತ ಕೈ ತೋರಿಸಿದ. "ಮಾಹಿತ್ ಆಹೆ", ಗೊತ್ತಿದೆ ಎಂದು ಮಾವ ಅವನ ಮುಖವನ್ನೇ ನೋಡುತ್ತ ಕೂತರು. ನನ್ನ ತಲೆ ಕೆಟ್ಟುಹೋಯಿತು. ಇಡೀ ಸ್ಟೇಡಿಯಮ್ಮಿನಲ್ಲಿ ತಪ್ಪು ದಿಕ್ಕಿಗೆ ಕೂತಿದ್ದ ಪುಣ್ಯಾತ್ಮರು ಇವರೊಬ್ಬರೇ.

ಪ್ರತಿ ಸುತ್ತಿಗೂ ಹಲಗೆ ಧಡಧಡ ಎನ್ನುತ್ತಿತ್ತು. ಸದ್ದು ಹತ್ತಿರ ಬಂದಾಗಲೆಲ್ಲ ಮಾವನ ಹೆಗಲು ಬಿಗಿಯುತ್ತಿತ್ತು. ಕೊನೆಗೆ ತಡೆಯಲಾರದೆ ಅತ್ತೆಯನ್ನು ಕೇಳಿದರು.

"ಎಷ್ಟನೇದಾಂವ ಅದಾನ?"

ಅತ್ತೆ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಮಗನ ಮೇಲಿನ ಕಣ್ಣು ಕೀಳದೆ, "ನನ್ನ ಕೇಳಬ್ಯಾಡ್ರಿ. ಕಣ್ಣು ನಿಮಗೂ ಅದಾವ" ಎಂದರು.

ಕೊನೆಯ ಸುತ್ತಿನ ಗಂಟೆ ಹೊಡೆಯಿತು. ಜನರೆಲ್ಲ ಎದ್ದು ನಿಂತರು. ಮಾವನೂ ಎದ್ದರು, ಕುರ್ಚಿಯ ಬೆನ್ನನ್ನು ಭದ್ರವಾಗಿ ಹಿಡಿದುಕೊಂಡರು, ಆಮೇಲೆ ನಿಧಾನವಾಗಿ ಟ್ರ್ಯಾಕಿನ ಕಡೆ ತಿರುಗಿದರು.

ಬಸವಲಿಂಗ ಮೂರನೆಯವನಾಗಿ ತಿರುವು ದಾಟಿ ಬರುತ್ತಿದ್ದ. ಕಂಚಿನ ಪದಕ ಕೈಗೆಟುಕುವಷ್ಟರಲ್ಲಿತ್ತು. ನಮ್ಮ ಮುಂದೆ ಬಂದಾಗ ಅವನ ತಲೆ ಒಂದು ಕ್ಷಣ ಇತ್ತ ಹೊರಳಿತು. ಅಷ್ಟೇ ಸಾಕಾಯಿತು. ಹಿಂದಿದ್ದ ಜಪಾನಿನ ಹುಡುಗ ಒಳಗಿನಿಂದ ನುಗ್ಗಿ ಗೆರೆಯ ಮೇಲೆ ಎದೆ ಚಾಚಿದ. ಬಸವಲಿಂಗ ನಾಲ್ಕನೆಯವನಾದ.

ದೊಡ್ಡ ಪರದೆಯ ಮೇಲೆ ಅದನ್ನೇ ನಿಧಾನವಾಗಿ ಮತ್ತೆ ತೋರಿಸಿದರು. ತಲೆ ಹೊರಳಿದ್ದು ಎಲ್ಲರಿಗೂ ಕಂಡಿತು. ಮಾವ ಕುಸಿದು ಕೂತರು.

"ನಾ ಮೊದಲಽ ಹೇಳಿದ್ನಿಲ್ಲೇನು" ಎಂದರು. ಅವರ ದನಿ ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪದಕ ಹೋದ ಸಂಕಟಕ್ಕಿಂತ ಈ ಮನುಷ್ಯನ ಸಂಕಟ ನೋಡಲಾಗಲಿಲ್ಲ.

ಓಟಗಾರರು ಮೈ ಸಡಿಲಿಸುವ ಹಿಂಬದಿಯ ಅಂಗಳದ ಹತ್ತಿರ ನಾವು ಹೋಗಿ ನಿಂತೆವು. ಬಸವಲಿಂಗ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದ.

"ನನ್ನ ಕಣ್ಣು ತಾಗಿತಪಾ" ಎಂದರು ಮಾವ.

"ನಿಮ್ಮ ಕಣ್ಣಲ್ರಿ ಅಪ್ಪಾ, ತಿರುಗಿ ನೋಡಿದಾಂವ ನಾ. ಪ್ರತಿ ಸುತ್ತಿಗೂ ನಿಮ್ಮ ಬೆನ್ನು ಕಾಣತಿತ್ತು. ಕಡೇ ಸುತ್ತಿಗೆ ಮಾರಿ ಕಾಣ್ತು." ಅವನು ಬೆವರು ಒರೆಸಿಕೊಂಡ. "ನೋಡದ ಹೆಂಗ ಇರಲಿ?"

ಮಾವ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಓಟ ಮುಗಿದ ಮೇಲೂ ಕಾಲು ಹಿಡಿಯದಂತೆ ಸ್ವಲ್ಪ ಹೊತ್ತು ಮೆಲ್ಲಗೆ ಓಡಬೇಕಂತೆ. ಬಸವಲಿಂಗ ಕುಂಟುತ್ತ ಅಂಗಳ ಸುತ್ತತೊಡಗಿದ. ನಡೆದುಕೊಂಡು ಹೋದರೂ ಅವನನ್ನು ಹಿಂದೆ ಹಾಕಬಹುದಿತ್ತು. ಮಾವ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು, ನೇರ ಅವನ ಕಡೆಗೆ ಮುಖ ಮಾಡಿ ಕೂತರು. ಅತ್ತೆ ನೀರಿನ ಬಾಟಲಿ ಹಿಡಿದು ಮುಂದೆ ಬಂದರು.

"ಅಡ್ಡ ನಿಲ್ಲಬ್ಯಾಡ" ಎಂದರು ಮಾವ. "ಹುಡುಗ ಓಡಾಕತ್ತಾನ."