ಕಥೆಗೊಂದು ಹೂಂ

ಒಂಟಿಕೊಪ್ಪಲಿನ ಗೋವಿಂದರಾಜು ಅವರ ಮನೆಯಲ್ಲಿ ಸದ್ದು ಅಂದರೆ ಗೋಡೆ ಗಡಿಯಾರದ್ದು, ಅದು ಬಿಟ್ಟರೆ ಹಿತ್ತಲ ಬಾವಿಯ ರಾಟೆಯದು. ಮನುಷ್ಯರದು ಬಲು ಕಡಿಮೆ. ಹಾಗಂತ ಯಾರಿಗೂ ಯಾರ ಮೇಲೂ ಮುನಿಸಿರಲಿಲ್ಲ. ಯಜಮಾನರು ಮೀಸೆ ಮೂಡುವ ಮೊದಲೇ ಅರಮನೆಯ ಊಟದ ಮನೆಗೆ ಊಳಿಗಕ್ಕೆ ಸೇರಿದವರು. ದೊಡ್ಡವರ ಎದುರು ಊಳಿಗದವರು ಬಾಯಿ ಬಿಡುವಂತಿರಲಿಲ್ಲ. ಹುಬ್ಬು ಏರಿದರೆ ಇಂಥದ್ದು, ಬೆರಳು ಎದ್ದರೆ ಇಂಥದ್ದು ಅಂತ ಇವರೇ ತಿಳಿದುಕೊಂಡು ಮುಂದಿಡಬೇಕು. "ನನ್ನಿಂದ ಯಾರೂ ಬಾಯಿಬಿಟ್ಟು ಕೇಳಿ ಇಸ್ಕೊಂಡಿಲ್ಲ" ಅನ್ನುವುದೇ ಅವರ ಬದುಕಿನ ಹೆಮ್ಮೆ.

ಸಂಸ್ಥಾನ ಹೋಯಿತು, ಸರ್ಕಾರ ಬಂತು, ಊಳಿಗವೂ ಮುಗಿಯಿತು. ಆದರೆ ಅಲ್ಲಿಯ ರೂಢಿ ಪೇಟದ ಜೊತೆಗೇ ಮನೆಗೆ ಬಂದುಬಿಟ್ಟಿತ್ತು. ಗೋವಿಂದರಾಜು ಒಂದು ಬೆರಳೆತ್ತಿದರೆ ಹೆಂಡತಿ ವೇದವತಿ ನೀರು ತರುವರು. ಬೆರಳಿಂದ ಮೊಣಕಾಲು ತಟ್ಟಿದರೆ ಸೊಸೆ ನಾಗಮಣಿ ಕಾಫಿ ತರುವಳು. ಮಗನೂ ಅಪ್ಪನಂತೆಯೇ, ಕಛೇರಿಯಿಂದ ಬಂದವನೇ ಕೋಟು ನೇತುಹಾಕಿ ಪೇಪರು ಹಿಡಿದು ಕೂರುವವನು.

ಇಂಥ ಮನೆಯಲ್ಲಿ ಚೆಲುವರಾಜು ಹುಟ್ಟಿದ. ಮೇಲುಕೋಟೆ ಸ್ವಾಮಿಯ ಹೆಸರಿನ ಮೊಮ್ಮಗ. ತೊಟ್ಟಿಲಲ್ಲಿದ್ದಾಗ ಎಲ್ಲ ಕೂಸುಗಳಂತೆ ಇವನೂ ಗುಬ್ಬಿಯ ಹಾಗೆ ಕಲಕಲ ಅಂದವನೇ. ಅಂಬೆಗಾಲಿಡುವಾಗ "ತಾತ್ತಾತ್ತಾ, ಬಬ್ಬಬ್ಬಾ" ಅಂತ ರಾಗ ಎಳೆದದ್ದೂ ಉಂಟು. ಆ ರಾಗಕ್ಕೆ ಈ ಮನೆಯಲ್ಲಿ ಯಾರೂ ಎದುರು ರಾಗ ಹಾಡಲಿಲ್ಲ. ಬರಬರುತ್ತಾ ಅದೂ ಅಡಗಿತು. ಈಗ ಮಗುವಿಗೆ ಮೂರು ತುಂಬುತ್ತಾ ಬಂದಿತ್ತು. ಓಡುತ್ತಿದ್ದ, ನಗುತ್ತಿದ್ದ, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಮಾತು ಮಾತ್ರ ಇಲ್ಲ.

ವೇದವತಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ದೇವರಿಗೆ ಗಂಟೆ ಕಟ್ಟಿಸುವೆನೆಂದು ಹರಕೆ ಹೊತ್ತರು. ಪಕ್ಕದ ಮನೆಯ ಪಾರ್ವತಮ್ಮ ಬೇಲಿಯಾಚೆಯಿಂದ "ಮಗ ಮೂಗನೇನೋ ಕಣಮ್ಮ, ಎಲ್ಲಾದ್ರೂ ತೋರಿಸ್ಬುಡು" ಅಂದ ದಿನ ನಾಗಮಣಿ ಊಟ ಮಾಡಲಿಲ್ಲ.

ಮಾರನೆಯ ದಿನ ಸೊಸೆಯನ್ನೂ ಮೊಮ್ಮಗನನ್ನೂ ಜಟಕಾದಲ್ಲಿ ಕೂರಿಸಿಕೊಂಡು ಗೋವಿಂದರಾಜು ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರು ಮಗುವಿನ ಬೆನ್ನ ಹಿಂದೆ ಬೀಗದ ಕೈಗೊಂಚಲು ಅಲ್ಲಾಡಿಸಿದರು. ಚೆಲುವ ತಟ್ಟನೆ ತಿರುಗಿದ. ಪಿಸುಗುಟ್ಟಿದರು, ಆಗಲೂ ತಿರುಗಿದ.

"ಕಿವಿ ಚೆನ್ನಾಗಿದೆ, ಬುದ್ಧೀನೂ ಚುರುಕಾಗಿದೆ. ಕೆಲವು ಮಕ್ಕಳಿಗೆ ಮಾತು ತಡ. ಮನೇಲಿ ಮಗು ಜೊತೆ ಮಾತಾಡೋರು ಯಾರು?"

ನಾಗಮಣಿ ಮಾವನ ಮುಖ ನೋಡಿದಳು. ಮಾವ ನೆಲ ನೋಡಿದರು.

ಮನೆಗೆ ಬಂದು ಜಗುಲಿಯಲ್ಲಿ ಕೂತರೂ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಎದುರಿಗೆ ಚೆಲುವ ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಕೂತವನು ಒಂದು ಬೆರಳೆತ್ತಿದ. ವೇದವತಿ ಲೋಟ ತಂದರು. ಕುಡಿದು, ಬೆರಳು ಮಡಿಸಿದ. ಅವರು ಲೋಟ ತೆಗೆದುಕೊಂಡು ಹೋದರು.

ಗೋವಿಂದರಾಜು ಮಡಿಸಿದ ಆ ಪುಟ್ಟ ಬೆರಳನ್ನೇ ನೋಡಿದರು. ಮಗು ಏನೂ ಕಲಿಯದೆ ಕೂತಿರಲಿಲ್ಲ. ಈ ಮನೆಯ ಭಾಷೆಯನ್ನು ಒಂದು ತಪ್ಪೂ ಇಲ್ಲದೆ ಕಲಿತಿತ್ತು. ಕಲಿಸಿದವರು ತಾವೇ.

"ವೇದಾ, ಇವನು ನನ್ನ ಹಾಗೇ..." ಅಂದರು.

"ಈಗ ಕಾಣಿಸ್ತೇನು? ಬೆರಳು ನೋಡ್ಕೊಂಡೇ ನಾನು ಸಂಸಾರ ಮಾಡಿದ್ದು. ನಿಮ್ಮ ಗಂಟಲು ಹೇಗಿದೆ ಅನ್ನೋದೇ ಮರೆತುಹೋಗಿತ್ತು ನನಗೆ," ಅಂದರು ವೇದವತಿ. ನಗು ಅರ್ಧ, ನೋವು ಅರ್ಧ.

ಮರುದಿನ ಮಗು ಬೆರಳೆತ್ತಿದಾಗ, ಕೇಳಿದರೇ ಕೊಡುವುದು ಅಂತ ಗೋವಿಂದರಾಜು ಲೋಟವನ್ನು ಬೆನ್ನ ಹಿಂದಿಟ್ಟುಕೊಂಡರು. ಚೆಲುವ ಬಿಕ್ಕಿ ಬಿಕ್ಕಿ ಅತ್ತ. ನಾಗಮಣಿ ಓಡಿಬಂದು ಲೋಟ ಕಿತ್ತುಕೊಂಡಳು. ಮಾವನೆದುರು ಅವಳ ದನಿ ಏರಿದ್ದು ಅದೇ ಮೊದಲು. "ಬಾಯಾರಿಸಿ ಮಾತು ಕಲಿಸೋದು ಬೇಡ ಮಾವ. ಮೊದಲು ನಾವು ಆಡೋಣ. ಅವನು ಆಮೇಲೆ ಆಡ್ಲಿ."

ಅಂದಿನಿಂದ ಗೋವಿಂದರಾಜು ಮಾತಾಡತೊಡಗಿದರು. ತುಕ್ಕು ಹಿಡಿದ ಬೀಗ ತೆಗೆದ ಹಾಗೆ! "ನೀರು. ತಗೋ, ನೀರು. ತಣ್ಣಗಿದೆ." ಅಷ್ಟಕ್ಕೇ ಬೆವರುತ್ತಿದ್ದರು. ಕಾಗೆ ಬಂದರೆ ಕಾಗೆ ಅಂದರು, ಬೆಣ್ಣೆಯವಳು ಬಂದರೆ ಬೆಣ್ಣೆ ಅಂದರು. ಪಾರ್ವತಮ್ಮ ಬೇಲಿಯಲ್ಲಿ ಇಣುಕಿ "ಏನ್ರೀ ವೇದಮ್ಮ, ಯಜಮಾನ್ರು ಒಬ್ರೇ ಮಾತಾಡ್ಕೋತಾರಲ್ಲ?" ಅಂದರು. "ಒಬ್ರೇ ಅಲ್ಲ ಕಣ್ರೀ, ಇಬ್ರು. ಇನ್ನೊಬ್ರು ಇನ್ನೂ ಶುರು ಮಾಡಿಲ್ಲ ಅಷ್ಟೇ," ಅಂದರು ವೇದವತಿ.

ಆಡಲು ಮಾತು ಮುಗಿದುಹೋದಾಗ ಗೋವಿಂದರಾಜು ಅವರಿಗೆ ತಮ್ಮ ಅಜ್ಜಿ ನೆನಪಾದಳು. ಹಳ್ಳಿಯಲ್ಲಿ ರಾಗಿ ಬೀಸುತ್ತಾ ಕಥೆ ಹೇಳುತ್ತಿದ್ದಳು. ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ಅಲ್ಲೇ ನಿಲ್ಲುತ್ತಿತ್ತು.

ಆ ಸಂಜೆಯಿಂದ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಅಜ್ಜಿಯ ಇರುವೆಯ ಕಥೆ. ದಿನವೂ ಅದೇ ಕಥೆ.

"ಒಂದು ಇರುವೆ ಇತ್ತಂತೆ."

"ಹೂಂ," ಒಳಗಿನಿಂದ ವೇದವತಿ.

"ಚಾಮುಂಡಿ ತಾಯಿಗೆ ಕೊಡೋಣ ಅಂತ ಒಂದು ಅಕ್ಕಿಕಾಳು ಕಚ್ಕೊಂಡು ಬೆಟ್ಟ ಹತ್ತಿತಂತೆ."

"ಹೂಂ."

"ನಡುದಾರೀಲಿ ಬಸವಣ್ಣ ಕೂತಿದ್ನಂತೆ. ಏ ಇರುವೆ, ಬಾಯಲ್ಲೇನು? ಅಂದ್ನಂತೆ."

ಶ್ರಾವಣ ಕಳೆಯಿತು, ಗೌರಿಯೂ ಬಂದು ಹೋದಳು. ಚೆಲುವ ಕಣ್ಣರಳಿಸಿ ಕೇಳುತ್ತಿದ್ದ, ಅಷ್ಟೇ. ಕೆಲವು ದಿನ ಗೋವಿಂದರಾಜು ದೇವರ ಮುಂದೆ ಕೂತು ಏನನ್ನೂ ಬೇಡಲು ತೋಚದೆ ಎದ್ದು ಬರುತ್ತಿದ್ದರು.

ಒಂದು ಶನಿವಾರ ವೇದವತಿ, ನಾಗಮಣಿ ಇಬ್ಬರೂ ಗುಡಿಗೆ ಹೋಗಿದ್ದರು. ಮಗ ಇನ್ನೂ ಕಛೇರಿಯಿಂದ ಬಂದಿರಲಿಲ್ಲ. ತಾತ, ಮೊಮ್ಮಗ ಇಬ್ಬರೇ. ಕಥೆ ಬಸವಣ್ಣನ ತನಕ ಬಂತು.

"ಏ ಇರುವೆ, ಬಾಯಲ್ಲೇನು? ಅಂದ್ನಂತೆ..."

ಒಳಗಿನಿಂದ ಹೂಂ ಬರಲಿಲ್ಲ. ಕಥೆ ನಿಂತಿತು. ಬೇಕೆಂದು ನಿಲ್ಲಿಸಿದ್ದಲ್ಲ, ಅಜ್ಜಿಯ ಕಾಲದ ರೂಢಿ, ಹೂಂ ಇಲ್ಲದೆ ನಾಲಿಗೆ ಮುಂದಕ್ಕೆ ಹೋಗಲಿಲ್ಲ.

ಚೆಲುವ ಬಾಗಿಲ ಕಡೆ ನೋಡಿದ, ತಾತನ ಕಡೆ ನೋಡಿದ. ಬೆರಳೆತ್ತಿದ.

ಲೋಟ ಹಿಂದಿಟ್ಟ ಆ ಒಂದು ದಿನ ಬಿಟ್ಟರೆ, ಎತ್ತಿದ ಬೆರಳನ್ನು ಗೋವಿಂದರಾಜು ಜನ್ಮದಲ್ಲೇ ಕಾಯಿಸಿದವರಲ್ಲ. ಕೈ ತಾನಾಗಿ ನೀರಿನ ಚೊಂಬಿನತ್ತ ಹೋಯಿತು. ತಡೆದುಕೊಂಡರು. ಬಾಯಾರಿಕೆಯ ಬೆರಳಲ್ಲ ಇದು. ಸ್ವಾಮಿಯನ್ನು ನೆನೆದು, ಮಗುವಿನ ಮುಖವನ್ನೇ ಪ್ರೀತಿಯಿಂದ ನೋಡುತ್ತಾ ಸುಮ್ಮನೆ ಕೂತರು.

ಬೆರಳು ಮೆಲ್ಲಗೆ ಇಳಿಯಿತು. ತುಟಿ ಕೂಡಿತು.

"...ಹೂಂ."

"ಹೂಂ!" ಅಂದರು ತಾತ, ಕಣ್ಣಲ್ಲಿ ನೀರು ತುಂಬಿಕೊಂಡು. "ಆಗ ಇರುವೆ ಏನ್ಮಾಡ್ತಪ್ಪಾ? ಬಾಯಿ ಬಿಟ್ರೆ ಕಾಳು ಬೀಳತ್ತೆ. ಬಿಡ್ದಿದ್ರೆ ಬಸವಣ್ಣಂಗೆ ಉತ್ತರ ಇಲ್ಲ."

"ಹೂಂ."

"ಕಾಳು ಅವನ ಪಾದದ ಹತ್ರ ಇಟ್ಟು, ಅಕ್ಕಿ ಕಣಪ್ಪಾ, ಅಮ್ಮಂಗೆ ಅಂತು. ಬಸವಣ್ಣ ನಕ್ಕುಬಿಟ್ಟ. ಹೋಗು, ಅಮ್ಮಂಗೆ ಕೇಳಿಸ್ತು ಅಂದ."

"ಹೂಂ! ಹೂಂ!"

ಗುಡಿಯಿಂದ ಬಂದ ನಾಗಮಣಿ ಬಾಗಿಲಲ್ಲೇ ಅದನ್ನು ಕೇಳಿ, ತಂದ ಪ್ರಸಾದವನ್ನು ಎದೆಗೊತ್ತಿಕೊಂಡು ನಿಂತಳು.

ಹೂಂ ಬಂದ ದಾರಿಯಲ್ಲೇ ಮಿಕ್ಕವೂ ಬಂದವು. ಮೊದಲು ನೀಉ, ಕಾಕಾ, ಅಮ್ಮ. ದೀಪಾವಳಿಯ ಹೊತ್ತಿಗೆ "ಅಮ್ಮ ಬಾ", "ಇನ್ನೂ ಬೇಕು". ಸಂಕ್ರಾಂತಿಗೆ ಎಳ್ಳು ಬೀರಲು ಹೋದ ಕಡೆ ಯಾಕೆ, ಏನು, ಎಲ್ಲಿ ಅಂತ ಪಾರ್ವತಮ್ಮನ ಜೀವ ತಿಂದ. "ಮೂಗ ಅಂದೆನಲ್ಲಾ, ನನ್ನ ನಾಲಿಗೆಗೆ ಬಜೆ ತೇಯ್ಬೇಕು!" ಅಂತ ಅವರೇ ಗಲ್ಲ ಬಡಿದುಕೊಂಡರು.

ಒಂದು ಮಧ್ಯಾಹ್ನ ಗೋವಿಂದರಾಜು ಪೇಪರು ಓದುತ್ತಾ, ಮೈಮರೆತು, ಹಳೆಯ ಹಾಗೆ ಒಂದು ಬೆರಳೆತ್ತಿದರು. ವೇದವತಿ ಎದ್ದೇಳುವ ಮೊದಲೇ ಚೆಲುವ ಓಡಿಬಂದು ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆಳೆದ. ಮಂಡಿಯ ಮೇಲೆ ಹತ್ತಿ, ತಾತನ ಗಡ್ಡ ಹಿಡಿದು, ಬಸವಣ್ಣನ ದಪ್ಪ ದನಿಯಲ್ಲಿ ಕೇಳಿದ:

"ಏ ತಾತ, ಬಾಯಲ್ಲೇನು?"

ಒಳಮನೆಯಲ್ಲಿ ನಾಗಮಣಿ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ಗೋವಿಂದರಾಜು ಪೇಪರು ಪಕ್ಕಕ್ಕಿಟ್ಟರು.

"ನೀರು ಕಣಪ್ಪಾ," ಅಂದರು. "ವೇದಾ, ಒಂದು ಲೋಟ ನೀರು ಕೊಡ್ತೀಯಾ?"

"ಹೂಂ," ಅಂದರು ವೇದವತಿ.