ಈ ಸಲ ಕೆಂಡ ಸುಡಲಿಲ್ಲ

ಕುರುಗೋಡಿನ ತಮ್ಮ ಓಣಿಯ ವೀರಭದ್ರ ದೇವರ ಗುಡಿಯ ಮುಂದೆ ವಿರೂಪಾಕ್ಷಪ್ಪ ಕೆಂಡ ಹಾಯುತ್ತ ಬಂದು ಇಪ್ಪತ್ತೊಂದು ವರ್ಷವಾಯಿತು. ಪ್ರತಿ ಸಲವೂ ಹಲ್ಲು ಕಚ್ಚಿ, ಹಿಮ್ಮಡಿ ಊರಲಾಗದೆ ಕುಂಟುತ್ತ ಬರುವುದು, ಹೆಂಡತಿ ಚನ್ನವೀರಮ್ಮ ಅಂಗಾಲಿಗೆ ಬೆಣ್ಣೆ ಸವರುವುದು ಇದ್ದದ್ದೇ. ಈ ಸಲ ಮಾತ್ರ ಮದುವಣಿಗನ ಹಾಗೆ ನಡೆದು ಬಂದ.

"ಬೆಚ್ಚಗೂ ಆಗಲಿಲ್ಲ ನೋಡು," ಎಂದ. "ಈರಭದ್ರ ಕೈ ಹಿಡದಾನ. ಇನ್ನ ಮಾತ್ರಿನೂ ಬ್ಯಾಡ, ಸಿಗರೇಟ್ ಬಿಡೋದೂ ಬ್ಯಾಡ."

ಜನ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಚನ್ನವೀರಮ್ಮ ಮಾತ್ರ ಅವನ ನಡಿಗೆಯನ್ನೇ ನೋಡುತ್ತಿದ್ದಳು.

ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಅವನು ಕಟಿಂಗ್ ಮಾಸ್ಟರ್. ಕಂಡವರ ಸೊಂಟವನ್ನೆಲ್ಲ ಕಣ್ಣಳತೆಯಲ್ಲೇ ಹೇಳುವ ಮಹಾನುಭಾವನಿಗೆ ತನ್ನ ಸೊಂಟ ಮೂವತ್ತೆರಡರಿಂದ ಮೂವತ್ತೆಂಟಕ್ಕೆ ಏರಿದ್ದು ಕಾಣಲೇ ಇಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಗಡಿಗೆ. ಸಕ್ಕರೆ ಕಾಯಿಲೆ ದಪ್ಪನೆಯವರದು, ಸಿಗರೇಟು ತನ್ನನ್ನು ಸಣ್ಣಗಿಟ್ಟಿದೆ ಎಂದು ವಾದಿಸುತ್ತಿದ್ದ. ಹೋದ ತಿಂಗಳು ರಿಪೋರ್ಟು ನೋಡಿದ ಡಾಕ್ಟರಮ್ಮ, ಆ ಹೊಟ್ಟೆಯಲ್ಲೂ ಈ ಸಕ್ಕರೆಯಲ್ಲೂ ಸಿಗರೇಟಿನ ಪಾಲಿದೆ, ಕಾಲಿನ ರಕ್ತನಾಳಗಳೂ ಕಟ್ಟುತ್ತ ಬಂದಿವೆ, ಇಂದೇ ಬಿಡಿ ಎಂದಿದ್ದರು. ಆಮೇಲೆ ಕಣ್ಣು ಮುಚ್ಚಿಸಿ, ದಾರದಂಥದ್ದೊಂದನ್ನು ಅಂಗಾಲಿಗೆ ತಾಗಿಸಿ, ಗೊತ್ತಾಯಿತೇ ಎಂದು ಕೇಳಿದ್ದರು. ಪ್ರತಿ ಸಲವೂ ಹೌದೆಂದಿದ್ದ. ಅವನು ರೆಪ್ಪೆಯ ಸಂದಿನಿಂದ ಡಾಕ್ಟರ ಕೈಯನ್ನೇ ನೋಡುತ್ತಿದ್ದುದು ಚನ್ನವೀರಮ್ಮನಿಗೆ ಕಂಡಿತ್ತು. ಗಂಡನ ಮಾನ ಹೋದೀತೆಂದು ಬಾಯಿ ಬಿಡಲಿಲ್ಲ. ಸುಡುಗಾಡು ಮಾನ!

ಮನೆಯ ಕಟ್ಟೆಯ ಮೇಲೆ ಕೂರಿಸಿ ಅವನ ಕಾಲು ತೊಳೆದಳು. ಬೂದಿ ಹೋದಂತೆ ಅಂಗಾಲಿನ ಚರ್ಮ ಸುಲಿದು ಬಿಳಿಚಿಕೊಂಡಿದ್ದು ಕಂಡಿತು. ಹೆಬ್ಬೆರಳ ಬುಡದಲ್ಲಿ ಇದ್ದಿಲ ಚೂರೊಂದು ಮಾಂಸದೊಳಗೇ ಕೂತಿತ್ತು. ಗುಡಿಯಿಂದ ಇಲ್ಲಿಯ ತನಕ ಅದನ್ನು ತುಳಿದುಕೊಂಡೇ ಬಂದಿದ್ದ. ಈಗ ಹೊಸ ಸಿಗರೇಟು ಹಚ್ಚಿ, ದಾರಿಯಲ್ಲಿ ಕೈ ಮುಗಿದವರಿಗೆಲ್ಲ ತಾನೂ ಕೈ ಮುಗಿಯುತ್ತಿದ್ದ.

"ಆ ಕಡಿ ಮುಖ ಮಾಡ್ರಿ," ಎಂದಳು. "ನಾ ಮುಟ್ಟಿದ ಕೂಡ್ಲೆ ಹೇಳ್ರಿ."

ಅವನು ನಗುತ್ತ ಓಣಿಯ ಕಡೆ ತಿರುಗಿದ. ಚನ್ನವೀರಮ್ಮ ಉಗುರಿನಿಂದ ಇದ್ದಿಲ ಚೂರನ್ನು ಕಿತ್ತಳು. ರಕ್ತ ಬಂತು. ಗಾಯವನ್ನು ಒತ್ತಿ ಹಿಡಿದಳು.

ಅವನು ನಿಧಾನವಾಗಿ ಹೊಗೆ ಬಿಟ್ಟ.

"ಮುಟ್ಟು ಮತ್ತ," ಎಂದ. "ಎಷ್ಟೊತ್ತು ಕಾಯಿಸ್ತಿ?"